ಕೋಚ್, ಕಿಂಗ್ ಇಬ್ಬರದೂ ಒಂದೇ ಹಳ್ಳಿ: ಕೆವ್‌ನೈಥಿನ್ ರಗ್ಬಿ ಕಥೆ

ಪ್ರಶ್ನೆ: ಕೆಲಸದ ಮೇಲೆ ವೇಲ್ಸ್‌ನ ಲನೆಥ್ಲಿಗೆ ಬಂದು ಆರು ತಿಂಗಳಾಯಿತು. ಬಸ್ಸಿನಲ್ಲಿ ಉತ್ತರದ ಕಡೆ ಹೋದರೆ ಎರಡು ಮೈಲಿಗೊಂದು ಹಳ್ಳಿ, ಎಲ್ಲಿ ನೋಡಿದರೂ ರಗ್ಬಿ ಕಂಬ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಹೇಳಿದರು, ನ್ಯೂಜಿಲೆಂಡನ್ನು ಅವರ ನೆಲದಲ್ಲೇ ಸೋಲಿಸಿದ ಕೋಚ್, ಆ ಕೋಚ್ ತಂಡದಲ್ಲಿ ‘ಕಿಂಗ್’ ಅನ್ನಿಸಿಕೊಂಡ ಆಟಗಾರ ಇಬ್ಬರೂ ಕೆವ್‌ನೈಥಿನ್ ಅನ್ನೋ ಒಂದೇ ಪುಟ್ಟ ಹಳ್ಳಿಯವರಂತೆ. ನಿಜವಾ? ಇಷ್ಟು ಸಣ್ಣ ಊರಿನಲ್ಲಿ ಇದು ಹೇಗಾಯಿತು? ಈ ಹಳ್ಳಿ ಕ್ಲಬ್ಬುಗಳು ಹುಟ್ಟಿದ್ದು ಹೇಗೆ? ಆಡುವವರಿಗೆ ಇದರಿಂದ ದುಡ್ಡು ಬರುತ್ತದಾ?

ಉತ್ತರ: ನಿಜ. ಕೋಚ್ ಹೆಸರು ಕಾರ್ವಿನ್ ಜೇಮ್ಸ್, ಕಿಂಗ್ ಹೆಸರು ಬ್ಯಾರಿ ಜಾನ್. ಇಬ್ಬರೂ ಆ ಹಳ್ಳಿಯಲ್ಲೇ ಹುಟ್ಟಿದವರು, ಇಬ್ಬರೂ ಗಣಿ ಕಾರ್ಮಿಕರ ಮಕ್ಕಳು, ಇಬ್ಬರೂ ಆ ಹಳ್ಳಿಯ ಕ್ಲಬ್ಬಿಗೆ ಆಡಿದವರು. ದುಡ್ಡಿನ ಪ್ರಶ್ನೆಯನ್ನು ನೀವು ಕೊನೆಗೆ ಕೇಳಿದ್ದೀರಿ, ಆದರೆ ನೂರು ವರ್ಷ ಅಲ್ಲಿ ಜನ ಜಗಳ ಆಡಿದ್ದೇ ಅದರ ಬಗ್ಗೆ, ಅದಕ್ಕೂ ಬರುತ್ತೇನೆ.

ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ವೆಲ್ಷ್ ಭಾಷೆಯಲ್ಲಿ ‘ಕೆವ್ನ್’ ಅಂದರೆ ಬೆನ್ನು, ದಿಣ್ಣೆಗೂ ಅದೇ ಪದ. ‘ಐಥಿನ್’ ಅಂದರೆ ಹಳದಿ ಹೂ ಬಿಡುವ ಒಂದು ಮುಳ್ಳು ಪೊದೆ. ಮುಳ್ಳುಪೊದೆಯ ದಿಣ್ಣೆ ಅಂದುಕೊಳ್ಳಿ. ನೀವಿರುವ ಊರಿನ ಹೆಸರನ್ನು ಕೂಡ ನಾವು ಬರೆಯುವ ಹಾಗೆ ಅಲ್ಲಿಯವರು ಹೇಳುವುದಿಲ್ಲ. ನಾಲಿಗೆಯನ್ನು ‘ಲ’ಕ್ಕೆ ಇಟ್ಟುಕೊಂಡು ಎರಡೂ ಪಕ್ಕದಿಂದ ಗಾಳಿ ಊದಿದರೆ ಆ ಹೆಸರಿನ Ll ಶಬ್ದ ಬರುತ್ತದೆ. ಕನ್ನಡದಲ್ಲಿ ಅದಕ್ಕೆ ಅಕ್ಷರ ಇಲ್ಲ, ಏನು ಮಾಡೋದು.

ನಿಮ್ಮ ಬಸ್ಸು ಹತ್ತುವ ಆ ಕಣಿವೆಗೆ ಗ್ವೆಂಡ್ರೈತ್ ಅಂತ ಹೆಸರು. ಟ್ರಿಮ್‌ಸಾರನ್, ಪಾಂಟಬೆರೆಮ್, ಟಂಬಲ್, ಡ್ರೆವಾಖ್, ಕ್ರಾಸ್ ಹ್ಯಾಂಡ್ಸ್, ಕೆವ್‌ನೈಥಿನ್, ಹೀಗೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಊರುಗಳು. ಇವೆಲ್ಲ ಹೀಗೆ ಸಾಲಾಗಿ ಇರುವುದಕ್ಕೆ ಕಾರಣ ನೆಲದ ಕೆಳಗಿದೆ. ಅಲ್ಲಿ ಸಿಕ್ಕಿದ್ದು ಮಾಮೂಲಿ ಕಲ್ಲಿದ್ದಲಲ್ಲ, ಆಂಥ್ರಸೈಟ್. ಗಟ್ಟಿ, ಹೊಳಪು, ಉರಿದರೆ ಹೊಗೆ ಬಹಳ ಕಡಿಮೆ. ದೂರದ ದೇಶಗಳಿಗೆಲ್ಲ ಹಡಗಿನಲ್ಲಿ ಹೋಗುತ್ತಿತ್ತು. ಎಲ್ಲಿ ಗಣಿ ತೋಡಿದರೋ ಅಲ್ಲಿ ಸಾಲು ಮನೆ ಎದ್ದವು. ಮನೆ ಎದ್ದ ಮೇಲೆ ಚಾಪೆಲ್ (ಕ್ರೈಸ್ತರ ಪ್ರಾರ್ಥನಾ ಮಂದಿರ), ಆಮೇಲೆ ಪಬ್, ಆಮೇಲೆ ರಗ್ಬಿ ತಂಡ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ಕಥೆ ಇದರಲ್ಲೇ ಇದೆ.

ರಗ್ಬಿ ವೇಲ್ಸ್‌ಗೆ ಬಂದದ್ದು ಮಾತ್ರ ಗಣಿಯವರ ಮೂಲಕ ಅಲ್ಲ, ಇದು ತಮಾಷೆ. ಅದನ್ನು ತಂದವರು ದೊಡ್ಡ ಮನೆತನದ ಹುಡುಗರು, ಅದಕ್ಕಿಂತ ಹೆಚ್ಚಾಗಿ ಪಾದ್ರಿಗಳಾಗಲು ಓದುತ್ತಿದ್ದವರು. ಲ್ಯಾಂಪೀಟರ್‌ನ ಸೇಂಟ್ ಡೇವಿಡ್ಸ್ ಕಾಲೇಜಿನಲ್ಲಿ 1850ರ ಆಸುಪಾಸಿನಲ್ಲೇ ಈ ಆಟ ಶುರುವಾಗಿತ್ತು. ಆ ಕಾಲೇಜಿಗೂ ಲ್ಯಾಂಡೋವರಿ ಕಾಲೇಜಿಗೂ 1866ರಲ್ಲಿ ಪಂದ್ಯ ನಡೆದದ್ದು ದಾಖಲೆಯಲ್ಲಿದೆ. ನೀತ್ ಕ್ಲಬ್ 1871ರದ್ದು. ವೆಲ್ಷ್ ರಗ್ಬಿ ಯೂನಿಯನ್ ಹುಟ್ಟಿದ್ದು 1881ರ ಮಾರ್ಚ್ 12ರಂದು, ನೀತ್ ಊರಿನ ಕ್ಯಾಸಲ್ ಹೋಟೆಲಿನಲ್ಲಿ. ಇವೆಲ್ಲ ಪಟ್ಟಣದ ಕ್ಲಬ್ಬುಗಳ ಕೆಲಸ. ಹಳ್ಳಿಗಳಿಗೆ ಬಂದದ್ದು ಗಣಿಗಳ ಹಿಂದೆ ಹಿಂದೆ, ಮತ್ತು ಬಂದ ಮೇಲೆ ಈ ಆಟ ಪೂರ್ತಿ ಬೇರೆಯೇ ಆಯಿತು. ಇಂಗ್ಲೆಂಡಿನಲ್ಲಿ ವೈದ್ಯರು, ವಕೀಲರು ಹವ್ಯಾಸಕ್ಕೆ ಆಡುತ್ತಿದ್ದ ಆಟವನ್ನು ಇಲ್ಲಿ ಕಲ್ಲಿದ್ದಲು ಅಗೆಯುವವರು, ಉಕ್ಕು ಕಾಯಿಸುವವರು, ಮೇಷ್ಟ್ರು, ಅಂಗಡಿಯವರು ಒಂದೇ ತಂಡದಲ್ಲಿ ನಿಂತು ಆಡಿದರು.

ಚಾಪೆಲ್‌ನವರಿಗೆ ಇದು ಇಷ್ಟ ಇರಲಿಲ್ಲ. ಯಾಕೆ ಅಂದರೆ ತಂಡಕ್ಕೆ ಬಟ್ಟೆ ಬದಲಿಸುವ ಜಾಗ ಪಬ್ಬು, ಸ್ನಾನ ಪಬ್ಬಿನ ಹಿತ್ತಲಲ್ಲಿ ತಗಡಿನ ತೊಟ್ಟಿಯಲ್ಲಿ, ಗೆದ್ದರೆ ಸಂಭ್ರಮ ಪಬ್ಬಿನಲ್ಲಿ, ಸೋತರೆ ದುಃಖವೂ ಅಲ್ಲೇ. 1904ರ ಕೊನೆಯಲ್ಲಿ ದೊಡ್ಡ ಧಾರ್ಮಿಕ ಅಲೆ ಎದ್ದಿತು. ಅದನ್ನು ನಡೆಸಿದ ಇವಾನ್ ರಾಬರ್ಟ್ಸ್ ಮೊದಲು ಗಣಿಯಲ್ಲಿ ಕೆಲಸ ಮಾಡಿದವನು, ಊರು ಲುಖೂರ್, ನಿಮ್ಮಿಂದ ಒಂದೇ ಹೊಳೆ ದಾಟಿದರೆ ಸಿಗುತ್ತದೆ. ಆ ಅಲೆಯಲ್ಲಿ ಎಷ್ಟೋ ಹಳ್ಳಿಗಳಲ್ಲಿ ಆಟಗಾರರು ಆಟ ಪಾಪ ಅಂತ ಬಿಟ್ಟರು, ಕೆಲವು ಕ್ಲಬ್ಬುಗಳು ಬಾಗಿಲು ಹಾಕಿದವು. ಆದರೆ ಒಂದೇ ವರ್ಷ ಅಷ್ಟೇ. 1905ರ ಡಿಸೆಂಬರ್ 16ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ನ್ಯೂಜಿಲೆಂಡನ್ನು 3–0ಯಿಂದ ಸೋಲಿಸಿತು. ಆ ಪ್ರವಾಸದಲ್ಲಿ ನ್ಯೂಜಿಲೆಂಡ್ ಸೋತದ್ದು ಅದೊಂದೇ ಪಂದ್ಯ. ಪಂದ್ಯಕ್ಕೆ ಮೊದಲು ನ್ಯೂಜಿಲೆಂಡಿನವರ ಹಾಕಾ ಅನ್ನೋ ಯುದ್ಧ ಕುಣಿತಕ್ಕೆ ಉತ್ತರವಾಗಿ ವೇಲ್ಸ್ ಆಟಗಾರರು ತಮ್ಮ ನಾಡಗೀತೆ ಹಾಡಿದರು, ಇಡೀ ಮೈದಾನ ಜೊತೆಗೆ ಹಾಡಿತು. ಇವತ್ತಿಗೂ ವೇಲ್ಸ್ ಪಂದ್ಯಗಳಲ್ಲಿ ಜನ ಭಕ್ತಿಗೀತೆ ಹಾಡುತ್ತಾರಲ್ಲ, ಆ ಸ್ವರ ಕಲಿತದ್ದು ಚಾಪೆಲ್‌ನಲ್ಲೇ. ಬೈದವರೇ ಸಂಗೀತ ಕಲಿಸಿಕೊಟ್ಟ ಹಾಗಾಯಿತು.

ಈಗ ದುಡ್ಡಿನ ವಿಷಯ. 1895ರಲ್ಲಿ ಉತ್ತರ ಇಂಗ್ಲೆಂಡಿನ 20ಕ್ಕೂ ಹೆಚ್ಚು ಕ್ಲಬ್ಬುಗಳು ಅಲ್ಲಿ ಆಟ ನಡೆಸುತ್ತಿದ್ದ ರಗ್ಬಿ ಯೂನಿಯನ್ ಬಿಟ್ಟು ಹೊರಬಂದವು. ಅವರು ಕೇಳಿದ್ದು ದೊಡ್ಡದೇನಲ್ಲ. ಶನಿವಾರ ಪಂದ್ಯಕ್ಕೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಅದನ್ನು ತುಂಬಿಕೊಡಿ ಅಂತ. ಒಪ್ಪಲಿಲ್ಲ, ಹೋದರು. ಅದೇ ಮುಂದೆ ರಗ್ಬಿ ಲೀಗ್ ಅನ್ನೋ ಬೇರೆ ಆಟವಾಯಿತು, ಅಲ್ಲಿ ಸಂಬಳ ಸಿಗುತ್ತಿತ್ತು. ವೇಲ್ಸ್ ಮಾತ್ರ ಸಂಬಳವಿಲ್ಲದ ಹಳೆಯ ಆಟದಲ್ಲೇ, ಅಂದರೆ ರಗ್ಬಿ ಯೂನಿಯನ್‌ನಲ್ಲೇ ಉಳಿಯಿತು. ಪರಿಣಾಮ ಏನಾಯಿತು ಅಂದರೆ, ಉತ್ತರದ ಕ್ಲಬ್ಬುಗಳ ಏಜೆಂಟರು ಚೀಲದಲ್ಲಿ ದುಡ್ಡು ಇಟ್ಟುಕೊಂಡು ಈ ಕಣಿವೆಗಳಿಗೆ ಬಂದು ಒಳ್ಳೆಯ ಹುಡುಗರನ್ನು ಎತ್ತಿಕೊಂಡು ಹೋಗುತ್ತಿದ್ದರು, ಕೆಲಸ ಇಲ್ಲದ ಮನೆಗೆ ಆ ದುಡ್ಡು ಬೇಡ ಅನ್ನಲು ಯಾರಿಂದ ಸಾಧ್ಯ ಹೇಳಿ. 1952ರಲ್ಲಿ ಗೋರ್ಸೈನನ್ ಊರಿನ ಲೂಯಿಸ್ ಜೋನ್ಸ್ ಲೀಡ್ಸ್‌ಗೆ ಹೋದದ್ದು 6,000 ಪೌಂಡಿಗೆ. ಹಾಗೆ ಒಮ್ಮೆ ಹೋದವನು ಮತ್ತೆ ಯೂನಿಯನ್ ಆಡುವ ಹಾಗಿರಲಿಲ್ಲ, ತನ್ನದೇ ಹಳ್ಳಿಯ ಕ್ಲಬ್ಬಿಗೂ ಆಡುವ ಹಾಗಿರಲಿಲ್ಲ. ಈ ನಿಷೇಧ ಹೋದದ್ದು 1995ರ ಆಗಸ್ಟ್‌ನಲ್ಲಿ ಯೂನಿಯನ್ ಆಟದಲ್ಲೂ ಸಂಬಳಕ್ಕೆ ಒಪ್ಪಿಗೆ ಸಿಕ್ಕ ಮೇಲೆ. ಒಂದು ನೂರು ವರ್ಷ! ನನ್ನನ್ನು ಕೇಳಿದರೆ ಇದು ಆದರ್ಶಕ್ಕಿಂತ ಜಾಸ್ತಿ ಹಟ. ಹೊಟ್ಟೆ ತುಂಬಿದವರು ಮಾಡಿದ ನಿಯಮವನ್ನು ಹೊಟ್ಟೆಗಿಲ್ಲದವರ ಮೇಲೆ ಹೇರಿದ್ದು.

ಹಾಗಾದರೆ ಹಳ್ಳಿ ಕ್ಲಬ್ಬು ನಡೆದದ್ದು ಯಾರ ದುಡ್ಡಿನಲ್ಲಿ? ಊರಿನವರದ್ದೇ. ಜೆರ್ಸಿ ಒಗೆಯುವವರು, ಬಸ್ಸು ಗೊತ್ತು ಮಾಡುವವರು, ಗೆರೆ ಹಾಕುವವರು, ಲಾಟರಿ ಚೀಟಿ ಮಾರುವವರು, ಪಂದ್ಯ ಮುಗಿದ ಮೇಲೆ ಎದುರು ತಂಡಕ್ಕೂ ಬಿಸಿ ಊಟ ಬಡಿಸುವ ಹೆಂಗಸರು, ಯಾರಿಗೂ ಸಂಬಳ ಇಲ್ಲ. ಇದಕ್ಕೆ ಒಂದು ದೊಡ್ಡ ಆಸರೆ ಸಿಕ್ಕಿದ್ದು 1920ರಲ್ಲಿ. ಆ ವರ್ಷದ ಗಣಿ ಕಾನೂನಿನ ಪ್ರಕಾರ ಮೇಲೆ ಬಂದ ಪ್ರತಿ ಟನ್ ಕಲ್ಲಿದ್ದಲಿಗೆ ಒಂದು ಪೆನ್ನಿಯನ್ನು ಗಣಿ ಮಾಲೀಕರು ಕಲ್ಯಾಣ ನಿಧಿಗೆ ಕೊಡಬೇಕಿತ್ತು. ಗಣಿ ಊರುಗಳಲ್ಲಿ ನೀವು ಇವತ್ತು ‘ವೆಲ್ಫೇರ್’ ಅನ್ನೋ ಹೆಸರಿನ ಮೈದಾನ, ಸಭಾಂಗಣ ನೋಡುತ್ತೀರಲ್ಲ, ಅದು ಆ ಪೆನ್ನಿಯ ನೆನಪು. ಅಂದರೆ ಅಪ್ಪ ಕೆಳಗೆ ಅಗೆದ ಟನ್ನಿನ ಲೆಕ್ಕದಲ್ಲಿ ಮಗನಿಗೆ ಮೇಲೆ ಹುಲ್ಲು ಸಿಕ್ಕಿತು.

ಆ ಕೆಳಗಿನ ಕೆಲಸ ಎಂಥದ್ದು ಅಂತಲೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಈ ಆಟ ಯಾಕೆ ಅಷ್ಟು ಮುಖ್ಯವಾಯಿತು ಅಂತ ಅರ್ಥ ಆಗುವುದಿಲ್ಲ. ಆಂಥ್ರಸೈಟ್ ದೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಬ್ರಿಟನ್ನಿನ ಬೇರೆ ಗಣಿ ಪ್ರದೇಶಗಳಿಗಿಂತ ಇಲ್ಲಿ ಆ ಕಾಯಿಲೆ ಜಾಸ್ತಿ ಇತ್ತು. ಐವತ್ತಕ್ಕೇ ಮೆಟ್ಟಿಲು ಹತ್ತಲಾಗದೆ ಕೂರುವ ಗಂಡಸರು ಪ್ರತಿ ಬೀದಿಯಲ್ಲೂ ಇದ್ದರು. ಗಾಯದೊಳಗೆ ಇದ್ದಲ ದೂಳು ಸೇರಿ ಒಣಗಿದರೆ ಚರ್ಮದಲ್ಲಿ ನೀಲಿ ಗೆರೆ ಉಳಿಯುತ್ತದೆ, ಮುಂದೆ ನಿಂತು ತಳ್ಳಾಡುವ ಹಳೆಯ ಫಾರ್ವರ್ಡ್ ಆಟಗಾರರ ಹಣೆ, ಕೈ ನೋಡಿದರೆ ಅದು ಕಾಣುತ್ತಿತ್ತು. ಮಾಲೀಕರ ಜೊತೆ ಜಗಳವೂ ಹೊಸದಲ್ಲ. ಟಂಬಲ್‌ನಲ್ಲಿ 1893ರಲ್ಲೇ ಗಲಭೆ ಆಗಿ ಸೈನ್ಯ ಬಂದಿತ್ತು, 1925ರಲ್ಲಿ ಆಂಥ್ರಸೈಟ್ ಮುಷ್ಕರದಲ್ಲಿ ಪಕ್ಕದ ಆಮನ್‌ಫೋರ್ಡ್‌ನಲ್ಲಿ ಪೊಲೀಸರ ಜೊತೆ ಬೀದಿ ಕಾಳಗವೇ ನಡೆಯಿತು. ಹೀಗೆ ಕೆಳಗೆ ಕತ್ತಲಲ್ಲಿ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿ ಇಟ್ಟು ಕೆಲಸ ಮಾಡಿದವರೇ ಶನಿವಾರ ಮಧ್ಯಾಹ್ನ ಹದಿನೈದು ಜನರಾಗಿ ಮೈದಾನಕ್ಕೆ ಇಳಿಯುತ್ತಿದ್ದರು. ಎರಡೂ ತಂಡದವರು ಒಬ್ಬರನ್ನೊಬ್ಬರು ಹಿಡಿದು ಚೆಂಡಿಗಾಗಿ ತಳ್ಳಾಡುವ ಸ್ಕ್ರಮ್‌ನಲ್ಲಿ ಭುಜಕ್ಕೆ ಭುಜ ಕೊಡುವುದನ್ನು ಇವರಿಗೆ ಯಾರೂ ಕಲಿಸಬೇಕಿರಲಿಲ್ಲ.

ಈಗ ಕೆವ್‌ನೈಥಿನ್‌ಗೆ ಬರೋಣ.

ಕಾರ್ವಿನ್ ಜೇಮ್ಸ್ ಹುಟ್ಟಿದ್ದು 1929ರ ನವೆಂಬರ್ 2ರಂದು. ಅವರ ಮನೆಯವರು ಮೂಲತಃ ಕಾರ್ಡಿಗನ್‌ಶೈರ್‌ನ ಕೃಷಿ ಕಡೆಯವರು, ಕೂಲಿ ಸಿಗುತ್ತದೆ ಅಂತ ಗಣಿ ಕಣಿವೆಗೆ ಬಂದವರು. ಮನೆಯಲ್ಲಿ, ಚಾಪೆಲ್‌ನಲ್ಲಿ, ಆಟದ ಬಯಲಲ್ಲಿ ಎಲ್ಲ ಕಡೆ ವೆಲ್ಷ್ ಭಾಷೆ. ಮನೆ ಹತ್ತಿರವೇ ಊರಿನ ರಗ್ಬಿ ಮೈದಾನ. ಹುಡುಗ ಬೆಳೆದದ್ದು ಹಳ್ಳಿ ತಂಡದ ಆಟ ನೋಡುತ್ತ, ಚೆಂಡು ಆಚೆ ಹೋದರೆ ಓಡಿ ತಂದುಕೊಡುತ್ತ. ಡ್ರೆವಾಖ್‌ನ ಗ್ವೆಂಡ್ರೈತ್ ಗ್ರಾಮರ್ ಶಾಲೆ ಅನ್ನೋ ಪ್ರೌಢಶಾಲೆಯಲ್ಲಿ ಓದು, ಆಮೇಲೆ ಆಬರಿಸ್ಟ್ವಿತ್‌ನಲ್ಲಿ ವೆಲ್ಷ್ ಸಾಹಿತ್ಯ. ಕಡ್ಡಾಯ ಸೇವೆಗೆ ನೌಕಾಪಡೆಗೆ ಹೋದಾಗ ರಷ್ಯನ್ ಕಲಿತರು, 1957ರಲ್ಲಿ ಲನೆಥ್ಲಿ ತಂಡ ಮಾಸ್ಕೋಗೆ ಹೋದಾಗ ಅದು ಉಪಯೋಗಕ್ಕೂ ಬಂತು.

ಅವರ ಜಾಗ ಔಟ್‌ಸೈಡ್ ಹಾಫ್, ಅಂದರೆ ಹತ್ತನೇ ನಂಬರ್. ರಗ್ಬಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಎಂಟು ಜನ ದಪ್ಪ ಆಳುಗಳು ಕಾದಾಡಿ ಚೆಂಡು ಗೆದ್ದುಕೊಟ್ಟ ಮೇಲೆ ಒದೆಯೋಣವಾ, ಓಡೋಣವಾ, ಕೈ ದಾಟಿಸೋಣವಾ ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ ಮಾಡುವವನು. ಪಂದ್ಯದ ತಲೆ ಅವನದು. ಕಾರ್ವಿನ್ ದುರದೃಷ್ಟ, ಅದೇ ಕಾಲದಲ್ಲಿ ಅದೇ ಜಾಗಕ್ಕೆ ಕ್ಲಿಫ್ ಮಾರ್ಗನ್ ಇದ್ದರು. ಹಾಗಾಗಿ ವೇಲ್ಸ್‌ಗೆ ಆಡಿದ್ದು 1958ರಲ್ಲಿ ಎರಡೇ ಪಂದ್ಯ.

ಅವರು ಲನೆಥ್ಲಿಗೆ ಆಡುತ್ತಿದ್ದ ದಿನಗಳಲ್ಲೂ ಊರಿನ ಮೈದಾನಕ್ಕೆ ಬಂದು ಒಬ್ಬರೇ ಒದೆಯುವ ಅಭ್ಯಾಸ ಮಾಡುತ್ತಿದ್ದರು. ಚೆಂಡು ಕಂಬದ ಆಚೆ ಬಿದ್ದಾಗ ಓಡಿಹೋಗಿ ತರುತ್ತಿದ್ದ ಒಬ್ಬ ಚಿಕ್ಕ ಹುಡುಗ ಇದ್ದ. ಅವನ ಮನೆಯೂ ಮೈದಾನದ ಎದುರಿಗೇ. ಆ ಹುಡುಗನೇ ಬ್ಯಾರಿ ಜಾನ್, 1945ರ ಜನವರಿ 6ರಂದು ಹುಟ್ಟಿದವನು. ತಾನು ಚಿಕ್ಕವನಾಗಿದ್ದಾಗ ಮಾಡಿದ ಕೆಲಸವನ್ನೇ ಕಾರ್ವಿನ್ ಹದಿನೈದು ವರ್ಷ ಚಿಕ್ಕ ಹುಡುಗನಿಂದ ಮಾಡಿಸಿಕೊಂಡರು. ನಿಮ್ಮ ‘ಹೇಗಾಯಿತು’ ಪ್ರಶ್ನೆಗೆ ನನ್ನ ಉತ್ತರ ಇದೇ. ಗ್ವೆಂಡ್ರೈತ್ ಕಣಿವೆಗೆ ‘ಔಟ್‌ಸೈಡ್ ಹಾಫ್ ಫ್ಯಾಕ್ಟರಿ’ ಅಂತ ಅಡ್ಡಹೆಸರು ಇದೆ, ನೆಲದಡಿ ಯಾವುದೋ ಗುಟ್ಟಿನ ಕಾರ್ಖಾನೆಯಲ್ಲಿ ಹತ್ತನೇ ನಂಬರುಗಳನ್ನು ತಯಾರು ಮಾಡುತ್ತಾರೆ ಅಂತ ಹಾಸ್ಯದ ಹಾಡು ಕೂಡ ಕಟ್ಟಿದ್ದಾರೆ. ನೀರಿನಲ್ಲಿ ಏನೋ ಇದೆ, ರಕ್ತದಲ್ಲಿ ಏನೋ ಇದೆ ಅನ್ನುತ್ತಾರೆ. ಸುಮ್ನೆ ಮಾತು. ಇರುವುದು ನಡೆದು ಹೋಗುವಷ್ಟು ದೂರ. ಕಣ್ಣೆದುರು ದೊಡ್ಡ ಆಟಗಾರ, ಮನೆ ಮುಂದೆ ಹುಲ್ಲು, ಎರಡು ಮೈಲಿಯೊಳಗೆ ಒಳ್ಳೆಯ ಶಾಲೆ. ದಿನಾ ನೋಡಿದರೆ ಕೈಕಾಲು ತಾನೇ ಕಲಿಯುತ್ತದೆ. ಬ್ಯಾರಿಯನ್ನು ನೋಡಿ ಟಂಬಲ್‌ನ ಗರೆಥ್ ಡೇವಿಸ್ ಬಂದರು, ಆಮೇಲೆ ಟ್ರಿಮ್‌ಸಾರನ್‌ನ ಜೊನಾಥನ್ ಡೇವಿಸ್. ಇಬ್ಬರೂ ವೇಲ್ಸ್‌ನ ಹತ್ತನೇ ನಂಬರ್, ಇಬ್ಬರೂ ಅದೇ ಗ್ವೆಂಡ್ರೈತ್ ಶಾಲೆ. ಜೊನಾಥನ್ 1989ರಲ್ಲಿ ವಿಡ್ನೆಸ್ ಅನ್ನೋ ಲೀಗ್ ಕ್ಲಬ್ಬಿಗೆ ಹೋದಾಗ ವೇಲ್ಸ್‌ನಲ್ಲಿ ಸೂತಕದ ಹಾಗಾಗಿತ್ತು. ನಿಷೇಧ ಎದ್ದ ಕೂಡಲೇ 1995ರಲ್ಲಿ ವಾಪಸ್ ಬಂದರು.

ಶಾಲೆಯ ಪಾತ್ರವನ್ನು ಜನ ಮರೆಯುತ್ತಾರೆ. ಗಣಿಗೆ ಇಳಿದ ಅಪ್ಪ ಯಾವತ್ತೂ ಮಗನಿಗೆ ‘ನೀನೂ ಬಾ’ ಅನ್ನುತ್ತಿರಲಿಲ್ಲ. ಓದು, ಮೇಷ್ಟ್ರಾಗು, ಮೇಲೆಯೇ ಇರು. ಗ್ರಾಮರ್ ಶಾಲೆ ದಾಟಿದ ಹುಡುಗರು ಕಾರ್ಮಾರ್ಥನ್‌ನ ಟ್ರಿನಿಟಿ ಕಾಲೇಜಿನಂಥ ಕಡೆ ಶಿಕ್ಷಕರ ತರಬೇತಿಗೆ ಹೋಗುತ್ತಿದ್ದರು, ಬ್ಯಾರಿ ಕೂಡ ಅಲ್ಲಿಗೇ ಹೋದದ್ದು. ಕಾರ್ವಿನ್ ಲ್ಯಾಂಡೋವರಿ ಕಾಲೇಜಿನಲ್ಲಿ ಮೇಷ್ಟ್ರು, ಆಮೇಲೆ ಟ್ರಿನಿಟಿಯಲ್ಲಿ ಉಪನ್ಯಾಸಕರು.

ಬ್ಯಾರಿ ಶಾಲೆಯಲ್ಲಿದ್ದಾಗಲೇ ಕೆವ್‌ನೈಥಿನ್‌ಗೆ ಆಡಿ, ಅಲ್ಲಿಂದ ಲನೆಥ್ಲಿಗೆ ಹೋದರು. ಹಳ್ಳಿ ಕ್ಲಬ್ಬಿನ ಪಾಡು ಇದು ನೋಡಿ: ಹುಡುಗ ಚೆನ್ನಾಗಿ ಆಡಿದ ಅಂದರೆ ದೊಡ್ಡ ಕ್ಲಬ್ಬು ಕರೆಯುತ್ತದೆ. ಊರಿಗೆ ಹೆಮ್ಮೆ, ಮುಂದಿನ ಶನಿವಾರ ತಂಡಕ್ಕೆ ಒಬ್ಬ ಕಡಿಮೆ. 1966ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಬ್ಯಾರಿ ಮೊದಲ ಬಾರಿ ವೇಲ್ಸ್ ಜೆರ್ಸಿ ಹಾಕಿದರು. 1967ರಲ್ಲಿ ಕಾರ್ಡಿಫ್ ಕ್ಲಬ್ಬಿಗೆ ಹೋದ ಮೇಲೆ ಜೊತೆ ಸಿಕ್ಕಿದ್ದು ಗರೆಥ್ ಎಡ್ವರ್ಡ್ಸ್, ಇನ್ನೊಂದು ಗಣಿ ಹಳ್ಳಿಯಾದ ಗ್ವೈನ್-ಕೈ-ಗರ್ವೆನ್‌ನವರು. ಒಂಬತ್ತನೇ ನಂಬರಿನ ಎಡ್ವರ್ಡ್ಸ್‌ಗೂ ಬ್ಯಾರಿಗೂ ಮೊದಲ ದಿನದ ಅಭ್ಯಾಸ ಮಳೆ, ಕೆಸರಿನಲ್ಲಿ. ಚೆಂಡು ಹೇಗೆ ಬೇಕು ಅಂತ ಎಡ್ವರ್ಡ್ಸ್ ವಿಚಾರಿಸಿದರೆ, ನೀನು ಎಸೆ, ನಾನು ಹಿಡಿಯುತ್ತೇನೆ ಅಂದರಂತೆ ಬ್ಯಾರಿ. ವೇಲ್ಸ್‌ನಲ್ಲಿ ಇದು ಗಾದೆಯ ಹಾಗಾಗಿದೆ. ಜಂಬ ಅನ್ನಿಸಬಹುದು, ಆದರೆ ಹಾಗೇ ಹಿಡಿದರು ಕೂಡ.

1971ರಲ್ಲಿ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡ್ ಸೇರಿದ ಲಯನ್ಸ್ ತಂಡ ನ್ಯೂಜಿಲೆಂಡಿಗೆ ಹೊರಟಿತು. ಕೋಚ್ ಕಾರ್ವಿನ್ ಜೇಮ್ಸ್, ನಾಯಕ ಜಾನ್ ಡಾಸ್, ಹತ್ತನೇ ನಂಬರ್ ಬ್ಯಾರಿ ಜಾನ್. ನಾಲ್ಕು ಟೆಸ್ಟ್. ಡನೀಡಿನ್‌ನಲ್ಲಿ 9–3 ಗೆಲುವು, ಕ್ರೈಸ್ಟ್‌ಚರ್ಚ್‌ನಲ್ಲಿ 12–22 ಸೋಲು, ವೆಲಿಂಗ್ಟನ್‌ನಲ್ಲಿ 13–3 ಗೆಲುವು, ಆಕ್ಲೆಂಡ್‌ನಲ್ಲಿ 14–14 ಸಮ. ಸರಣಿ ಲಯನ್ಸ್‌ಗೆ. ನ್ಯೂಜಿಲೆಂಡಿನಲ್ಲಿ ಲಯನ್ಸ್ ಗೆದ್ದ ಸರಣಿ ಇವತ್ತಿಗೂ ಅದೊಂದೇ. ನಾಲ್ಕು ಟೆಸ್ಟಿನಲ್ಲಿ ಲಯನ್ಸ್ ಗಳಿಸಿದ 48 ಅಂಕದಲ್ಲಿ 30 ಬ್ಯಾರಿಯದ್ದು. ‘ಕಿಂಗ್’ ಅನ್ನೋ ಹೆಸರು ಕೊಟ್ಟದ್ದು ಸೋತ ದೇಶದ ಪತ್ರಕರ್ತರೇ. ಮೊದಲ ಟೆಸ್ಟಿನಲ್ಲಿ ಬ್ಯಾರಿ ಮಾಡಿದ್ದು ಏನು ಗೊತ್ತಾ? ನ್ಯೂಜಿಲೆಂಡಿನ ಫುಲ್‌ಬ್ಯಾಕ್, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ ಆಟಗಾರ, ಫರ್ಗಿ ಮೆಕಾರ್ಮಿಕ್ ಅವರನ್ನು ಮೈದಾನದ ಆ ಮೂಲೆಗೂ ಈ ಮೂಲೆಗೂ ಒದ್ದ ಚೆಂಡಿನ ಹಿಂದೆ ಓಡಿಸಿ ಓಡಿಸಿ ಸುಸ್ತು ಮಾಡಿದರು. ಮೆಕಾರ್ಮಿಕ್ ಮತ್ತೆ ಟೆಸ್ಟ್ ಆಡಲಿಲ್ಲ.

ಕೋಚ್ ಹೇಗಿದ್ದರು ಅಂದರೆ, ಕಿರುಚುವ ಜಾತಿಯಲ್ಲ. ಕೈಯಲ್ಲಿ ಸಿಗರೇಟು, ಮೆಲ್ಲಗೆ ಮಾತು, ಆಟಗಾರರಿಗೆ ಆಜ್ಞೆಗಿಂತ ಪ್ರಶ್ನೆ ಜಾಸ್ತಿ. ನೀನು ಏನು ಮಾಡಬೇಕು ಅಂದುಕೊಂಡಿದ್ದೀಯ ಅಂತ ಕೇಳುವುದು. ತರಗತಿಯಲ್ಲಿ ಪದ್ಯ ಪಾಠ ಮಾಡುವ ಮೇಷ್ಟ್ರು ಮೈದಾನದಲ್ಲೂ ಹಾಗೇ ಇದ್ದರು. ಬ್ಯಾರಿಗೆ ಅಭ್ಯಾಸ ಅಷ್ಟು ಇಷ್ಟ ಇರಲಿಲ್ಲ, ಅದನ್ನೂ ಸಹಿಸಿಕೊಂಡರು. ಇಬ್ಬರೂ ವೆಲ್ಷ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಜಗತ್ತಿನ ಆ ತುದಿಯಲ್ಲಿ ನಿಂತು ಊರಿನ ಮಾತು.

ಮುಂದಿನ ವರ್ಷ, 1972ರ ಅಕ್ಟೋಬರ್ 31. ಈ ತಾರೀಖು ನಿಮಗೆ ಲನೆಥ್ಲಿಯಲ್ಲಿ ಪಬ್ಬಿನ ಗೋಡೆ ಮೇಲೆಲ್ಲ ಕಂಡಿರುತ್ತದೆ. ಸ್ಟ್ರಾಡಿ ಪಾರ್ಕ್‌ನಲ್ಲಿ ಲನೆಥ್ಲಿ ಕ್ಲಬ್ಬು, ದೇಶ ಅಲ್ಲ, ಬರೀ ಕ್ಲಬ್ಬು, ನ್ಯೂಜಿಲೆಂಡನ್ನು 9–3ರಿಂದ ಸೋಲಿಸಿತು. ಕೋಚ್ ಕಾರ್ವಿನ್ನೇ. ಶುರುವಿನಲ್ಲೇ ಫಿಲ್ ಬೆನೆಟ್ ಒದ್ದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿತ್ತು, ನ್ಯೂಜಿಲೆಂಡಿನವನು ಅದನ್ನು ಆಚೆ ಒದೆಯಲು ಹೋದಾಗ ರಾಯ್ ಬರ್ಜಿಯರ್ಸ್ ಅಡ್ಡ ಬಿದ್ದು ತಡೆದು, ಹಾಗೇ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ತಾಗಿಸಿ ಅಂಕ ಗಳಿಸಿದರು, ಇದಕ್ಕೆ ಟ್ರೈ ಅನ್ನುತ್ತಾರೆ. ಊರಿನ ಪಬ್ಬುಗಳಲ್ಲಿ ಆ ರಾತ್ರಿ ಬಿಯರ್ ಖಾಲಿಯಾಯಿತು. ಬ್ಯಾರಿ ಆ ದಿನ ಆಡಲಿಲ್ಲ, ಅಷ್ಟರಲ್ಲಾಗಲೇ ಆಟ ಬಿಟ್ಟಿದ್ದರು.

ಹೌದು, 27ನೇ ವಯಸ್ಸಿಗೇ. ಪೂರ್ತಿ ಲಯ ಇದ್ದಾಗ. ಅವರೇ ಹೇಳಿಕೊಂಡಿದ್ದ ಕಾರಣ ವಿಚಿತ್ರವಾಗಿದೆ. ಅವರಿಗೆ ಬ್ಯಾಂಕಿನ ಕಡೆ ಕೆಲಸ, ಉತ್ತರ ವೇಲ್ಸ್‌ನ ರಿಲ್ ಊರಿನಲ್ಲಿ ಒಂದು ಬ್ಯಾಂಕ್ ಕಟ್ಟಡದ ಉದ್ಘಾಟನೆಗೆ ಹೋಗಿದ್ದಾಗ ಒಬ್ಬ ಹುಡುಗಿ ರಾಜನ ಮುಂದೆ ಬಗ್ಗುವ ಹಾಗೆ ಮಂಡಿ ಬಗ್ಗಿಸಿ ನಮಸ್ಕಾರ ಮಾಡಿದಳು. ಇದು ಸರಿಯಿಲ್ಲ, ನಾನು ಜನರಿಂದ ದೂರ ಆಗುತ್ತಿದ್ದೇನೆ ಅಂತ ಅವತ್ತು ಅನ್ನಿಸಿತಂತೆ. ಒಂದು ಹಳ್ಳಿಯಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುವ ಕಡೆ ಬೆಳೆದವರಿಗೆ ಅದು ತಡೆಯಲಾಗಲಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಕೊನೆಯ ಪಂದ್ಯ 1972ರ ಏಪ್ರಿಲ್‌ನಲ್ಲಿ ಕಾರ್ಡಿಫ್‌ನಲ್ಲಿ, ವೆಲ್ಷ್ ಯುವಜನರ ಸಂಘಟನೆಯಾದ ಅರ್ಡ್‌ನ ಐವತ್ತನೇ ವರ್ಷಕ್ಕೆ ಏರ್ಪಡಿಸಿದ್ದು. ತಂಡಗಳ ಹೆಸರು ಕೇಳಿ: ಬ್ಯಾರಿ ಜಾನ್ ತಂಡ, ಕಾರ್ವಿನ್ ಜೇಮ್ಸ್ ತಂಡ. ಒಂದೇ ಮೈದಾನದ ಎದುರುಬದುರು ಬೆಳೆದವರ ಹೆಸರಲ್ಲಿ ಇಡೀ ದೇಶ ಬಂದು ಕೂತಿತ್ತು.

ಕಾರ್ವಿನ್ ಕಥೆ ಅಷ್ಟು ಸಿಹಿಯಾಗಿ ಮುಗಿಯಲಿಲ್ಲ. ಅವರು ವೇಲ್ಸ್ ತಂಡಕ್ಕೆ ಯಾವತ್ತೂ ಕೋಚ್ ಆಗಲಿಲ್ಲ. ಆಯ್ಕೆಯಲ್ಲಿ ಕೋಚ್ ಮಾತೇ ನಡೆಯಬೇಕು ಅಂತ ಹಟ ಹಿಡಿದರು, 1974ರಲ್ಲಿ ತಾವೇ ಹಿಂದೆ ಸರಿದರು. ಸಮಿತಿಯಲ್ಲಿ ಕೂತ ಹಿರಿಯರಿಗೆ ಅಧಿಕಾರ ಬಿಡಲು ಮನಸ್ಸಿಲ್ಲ. ಜಗತ್ತಿನ ಅತ್ಯುತ್ತಮ ಕೋಚನ್ನು ಮನೆಯಲ್ಲಿ ಇಟ್ಟುಕೊಂಡು ಬಳಸಿಕೊಳ್ಳದ ದೇಶ ಅದು, ಈ ಸಿಟ್ಟು ಅಲ್ಲಿ ಹಳಬರಿಗೆ ಇನ್ನೂ ಇದೆ. ರಾಜಕೀಯದಲ್ಲೂ ಅವರು ಬಾಯಿ ಮುಚ್ಚಿಕೊಂಡಿರಲಿಲ್ಲ. 1970ರ ಚುನಾವಣೆಯಲ್ಲಿ ವೆಲ್ಷ್ ರಾಷ್ಟ್ರೀಯ ಪಕ್ಷ ಪ್ಲೈಡ್ ಕಮ್ರಿಯಿಂದ ಲನೆಥ್ಲಿಗೆ ನಿಂತು ಸೋತರು. ಅದೇ ವರ್ಷ ಜನವರಿಯಲ್ಲಿ ದಕ್ಷಿಣ ಆಫ್ರಿಕಾ ತಂಡ ಸ್ಟ್ರಾಡಿಗೆ ಬಂದಾಗ ತಮ್ಮ ಹುಡುಗರನ್ನು ತಯಾರು ಮಾಡಿದರು, ಆದರೆ ವರ್ಣಭೇದಕ್ಕೆ ವಿರೋಧವಾಗಿ ಪಂದ್ಯ ನೋಡಲಿಲ್ಲ, ಬಟ್ಟೆ ಬದಲಿಸುವ ಕೋಣೆಯಲ್ಲೇ ಕೂತರು. ಮುಂದೆ ಇಟಲಿಯ ರೊವೀಗೊ ಕ್ಲಬ್ಬಿಗೆ ಹೋಗಿ 1979ರಲ್ಲಿ ಚಾಂಪಿಯನ್ ಮಾಡಿದರು. 1983ರ ಜನವರಿ 10ರಂದು ಆಮ್‌ಸ್ಟರ್‌ಡ್ಯಾಮ್‌ನ ಹೋಟೆಲೊಂದರಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು, ಆಗ 53 ವರ್ಷ. ಬ್ಯಾರಿ ಜಾನ್ ತೀರಿಕೊಂಡದ್ದು 2024ರ ಫೆಬ್ರವರಿ 4ರಂದು.

ಇಬ್ಬರ ಕಥೆ ಹೇಳುತ್ತ ಹೇಳುತ್ತ ಕ್ಲಬ್ಬಿನ ಕಥೆ ಅವರದ್ದೇ ಅನ್ನಿಸಿಬಿಡಬಾರದು. ಬ್ಯಾರಿ ಅಣ್ಣತಮ್ಮಂದಿರೂ ಆಟಗಾರರೇ, ಅವರ ತಂಗಿಯನ್ನು ಮದುವೆಯಾದವರು ಡೆರೆಕ್ ಕ್ವಿನೆಲ್, ವೇಲ್ಸ್‌ಗೆ ಆಡುವ ಮೊದಲೇ 1971ರಲ್ಲಿ ಲಯನ್ಸ್ ಟೆಸ್ಟ್ ಆಡಿದ ಅಪರೂಪದ ಮನುಷ್ಯ. ಅವರ ಮಕ್ಕಳು ಸ್ಕಾಟ್, ಕ್ರೇಗ್ ಕೂಡ ವೇಲ್ಸ್‌ಗೆ ಆಡಿದರು. ಆದರೆ ಇವರಾರೂ ಇಲ್ಲದ ಶನಿವಾರಗಳೇ ಕ್ಲಬ್ಬಿಗೆ ಜಾಸ್ತಿ. ಹೆಸರು ಮಾಡದ, ಇಪ್ಪತ್ತು ವರ್ಷ ಎರಡನೇ ತಂಡದಲ್ಲಿ ಆಡಿ ಆಮೇಲೆ ಇಪ್ಪತ್ತು ವರ್ಷ ಸಮಿತಿಯಲ್ಲಿ ಕೂತವರಿಂದಲೇ ಹಳ್ಳಿ ಕ್ಲಬ್ಬು ಉಳಿಯುವುದು.

ಗಣಿಗಳು 1960ರ ದಶಕದ ಆರಂಭದಿಂದ ಮುಚ್ಚತೊಡಗಿದವು. ಕ್ರಾಸ್ ಹ್ಯಾಂಡ್ಸ್ ಗಣಿ, ಟಂಬಲ್‌ನ ಗ್ರೇಟ್ ಮೌಂಟನ್ ಎರಡೂ 1962ಕ್ಕೆ ಹೋದವು. 1984ರ ಮಾರ್ಚ್‌ನಿಂದ ಒಂದು ವರ್ಷದ ಮುಷ್ಕರ, ಸೋಲು, ಆಮೇಲೆ ಹೊಸದಾಗಿ ಕಟ್ಟಿದ್ದ ದೊಡ್ಡ ಕನ್‌ಹೈಡ್ರೆ ಗಣಿಯೂ 1989ಕ್ಕೆ ಬಂದ್. ಚಾಪೆಲ್‌ಗಳಲ್ಲಿ ಬೆರಳೆಣಿಕೆ ಜನ, ಕೆಲವು ಮನೆಗಳಾಗಿ ಮಾರ್ಪಟ್ಟಿವೆ. ನಾನು ಶುರುವಿನಲ್ಲಿ ಹೇಳಿದ ಕ್ರಮ ನೆನಪಿದೆ ಅಲ್ವಾ, ಗಣಿ, ಚಾಪೆಲ್, ಪಬ್, ರಗ್ಬಿ. ಮೊದಲ ಮೂರೂ ಸೊರಗಿದ ಮೇಲೂ ಎಲ್ಲಕ್ಕಿಂತ ಕೊನೆಗೆ ಬಂದದ್ದು ನಿಂತಿದೆ. ಇವತ್ತು ಮದುವೆ ಊಟ, ಸಾವಿನ ನಂತರದ ಚಹಾ, ಮಕ್ಕಳ ಹುಟ್ಟುಹಬ್ಬ ಎಲ್ಲ ಆ ಕ್ಲಬ್ ಮನೆಯಲ್ಲೇ.

ಆಟದ ಮೇಲ್ಮಟ್ಟ ಮಾತ್ರ ಕೈಬಿಟ್ಟು ಹೋಯಿತು. 1990ರಲ್ಲಿ ಯೂನಿಯನ್ ಕ್ಲಬ್ಬುಗಳಿಗೆ ರಾಷ್ಟ್ರೀಯ ಲೀಗ್ ಪಂದ್ಯಾವಳಿ ಬಂತು, 1995ರಲ್ಲಿ ಸಂಬಳ ಬಂತು, 2003ರಲ್ಲಿ ದೊಡ್ಡ ಕ್ಲಬ್ಬುಗಳನ್ನೂ ಸೇರಿಸಿ ಪ್ರಾಂತ್ಯದ ತಂಡ ಮಾಡಿದರು, ನಿಮ್ಮ ಊರಿನ ಸ್ಕಾರ್ಲೆಟ್ಸ್ ಅದರಲ್ಲೊಂದು. ಈಗ ಚೆನ್ನಾಗಿ ಆಡುವ ಹದಿನಾರರ ಹುಡುಗ ನೇರ ಅಕಾಡೆಮಿಗೆ ಹೋಗುತ್ತಾನೆ, ಹಳ್ಳಿಯ ಮೊದಲ ತಂಡದಲ್ಲಿ ದೊಡ್ಡವರ ಏಟು ತಿಂದು ಕಲಿಯುವುದು ಕಡಿಮೆ. ಯುವಕರ ತಂಡಕ್ಕೆ ಹದಿನೈದು ಜನ ಸಿಗದೆ ಅಕ್ಕಪಕ್ಕದ ಹಳ್ಳಿಗಳು ಒಟ್ಟುಗೂಡಿ ಒಂದೇ ತಂಡ ಕಳಿಸುವುದೂ ಇದೆ. ಒಂದು ಕಾಲಕ್ಕೆ ಇದನ್ನು ಹೇಳಿದ್ದರೆ ಮುದುಕರು ಕೋಲು ಎತ್ತುತ್ತಿದ್ದರು. ಇದರ ನಡುವೆ ಒಂದು ಒಳ್ಳೆಯ ಸಂಗತಿ, ಗ್ವೆಂಡ್ರೈತ್ ಶಾಲೆಯನ್ನೂ ಇನ್ನೊಂದನ್ನೂ ಸೇರಿಸಿ 2013ರಲ್ಲಿ ಮಾಡಿದ ಮೈಸ್ ಅ ಗ್ವೆಂಡ್ರೈತ್ ಅನ್ನೋ ವೆಲ್ಷ್ ಶಾಲೆ ಈಗ ಕೆವ್‌ನೈಥಿನ್‌ನಲ್ಲೇ ಇದೆ. ಕಾರ್ವಿನ್, ಬ್ಯಾರಿ ಕಾಲದಲ್ಲಿ ಹುಡುಗರು ಡ್ರೆವಾಖ್‌ಗೆ ಹೋಗಬೇಕಿತ್ತು.

ಒಂದು ಶನಿವಾರ ಹೋಗಿ ನೋಡಿ. ಮಧ್ಯಾಹ್ನದ ಹೊತ್ತಿಗೆ ತಲುಪಿದರೆ ಸಾಕು. ಮಳೆ ಕೋಟು ಮರೆಯಬೇಡಿ, ಹಳ್ಳಿ ಮೈದಾನದಲ್ಲಿ ತಲೆ ಮೇಲೆ ಸೂರು ಇರುತ್ತದೆ ಅಂತ ನಂಬಿಕೊಳ್ಳಬೇಡಿ. ಹಗ್ಗದ ಪಕ್ಕ ನಿಂತರೆ ಐದು ನಿಮಿಷದಲ್ಲಿ ಯಾರಾದರೂ ವಯಸ್ಸಾದವರು ಬಂದು ಮಾತು ತೆಗೆಯುತ್ತಾರೆ. ‘ಬೋರೆ ದ’ ಅಂದರೆ ಬೆಳಗಿನ ನಮಸ್ಕಾರ, ಮಧ್ಯಾಹ್ನಕ್ಕೆ ‘ಪ್ರನೌನ್ ದ’, ಅಷ್ಟು ಹೇಳಿದರೆ ಚಹಾ ನಿಮ್ಮದಾಯಿತು. ಅಪ್ಪಿತಪ್ಪಿ ಟಂಬಲ್ ವಿರುದ್ಧದ ಪಂದ್ಯದ ದಿನವೇ ಹೋಗಿದ್ದರೆ, ನೀವು ಯಾವ ಕಡೆ ಅಂತ ಕೇಳುವ ಮೊದಲು ಹಗ್ಗದ ಯಾವ ಬದಿಯಲ್ಲಿ ನಿಂತಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ.